ತುಮಕೂರಿನ ಹೊರವಲಯದಲ್ಲಿ ಐದು ಜನರ ಕುಟುಂಬಕ್ಕೆ ಬಾಡಿಗೆ ಮನೆ: ಯಾವ ಕಡೆ, ಎಷ್ಟಕ್ಕೆ, ಏನೇನು ನೋಡಿಕೊಳ್ಳಬೇಕು?

ಹೊಸಬಡಾವಣೆ

ನಮ್ಮದು ಶಾಲೆ ಶುರುವಾಗುವ ಮುಂಚೆ ತುಮಕೂರಿಗೆ ಬಂದು ನೆಲೆಯಾಗಬೇಕಿರುವ ಕುಟುಂಬ. ಗಂಡ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಮಂಡಿ ನೋವಿರುವ ಅಜ್ಜಿ. ಒಬ್ಬರ ಕೆಲಸ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ, ಇನ್ನೊಬ್ಬರು ವಾರಕ್ಕೆ ಎರಡು ದಿನ ಯಶವಂತಪುರಕ್ಕೆ ಹೋಗಿಬರಬೇಕು. ಮೂರು ಬೆಡ್‌ರೂಂ ಅಪಾರ್ಟ್‌ಮೆಂಟ್ ಬೇಕು. ಬಾಡಿಗೆಗೆ ತಿಂಗಳಿಗೆ 14,000 ಎತ್ತಿಡಬಹುದು, ಕೈಯಲ್ಲಿ ಒಟ್ಟು ಒಂದೂವರೆ ಲಕ್ಷ ಇದೆ. ಲೀಸಿಗೆ ಹಾಕಿಕೊಂಡರೆ ಬಾಡಿಗೆಯೇ ಉಳಿಯುತ್ತೆ ಅಂತ ಬ್ರೋಕರ್ ಹೇಳ್ತಿದ್ದಾರೆ. ತಿಳಿದವರು ವಿವರವಾಗಿ ತಿಳಿಸಿ.

ಗುಬ್ಬಿಗೇಟ್

ಮೊದಲು ದಿಕ್ಕು ಇತ್ಯರ್ಥವಾಗಲಿ, ಆಮೇಲೆ ಮನೆ. ವಸಂತನರಸಾಪುರ ಇರೋದು ಶಿರಾ ಕಡೆಯ ಹೆದ್ದಾರಿಯಲ್ಲಿ. ದಿನಾ ಅಲ್ಲಿಗೆ ಹೋಗುವವರಿಗೆ ಶಿರಾ ಗೇಟ್, ಅಂತರಸನಹಳ್ಳಿ ಕಡೆ ಹತ್ತಿರ. ಯಶವಂತಪುರಕ್ಕೆ ರೈಲು ಹಿಡಿಯುವವರಿಗೆ ತುಮಕೂರು ಸ್ಟೇಷನ್ ಸುತ್ತಮುತ್ತ, ಅಂದರೆ ಉಪ್ಪಾರಹಳ್ಳಿ, ಎಸ್.ಎಸ್. ಪುರಂ, ಮರಳೂರು ಕಡೆ ಅನುಕೂಲ. ಕ್ಯಾತ್ಸಂದ್ರದಲ್ಲೂ ಸ್ಟೇಷನ್ ಇದೆ, ಆದರೆ ಎಲ್ಲ ಎಕ್ಸ್‌ಪ್ರೆಸ್ ಗಾಡಿ ಅಲ್ಲಿ ನಿಲ್ಲಲ್ಲ. ನಿಮಗೆ ಬೇಕಾದ ಹೊತ್ತಿನ ಗಾಡಿ ನಿಲ್ಲುತ್ತಾ ಅಂತ ವೇಳಾಪಟ್ಟಿ ನೋಡಿಕೊಂಡೇ ಆ ಕಡೆ ಮನೆ ಹುಡುಕಿ. ಹೆಗ್ಗೆರೆ, ಅಗಳಕೋಟೆ ಕಡೆ ಮೆಡಿಕಲ್ ಕಾಲೇಜಿನವರು, ಗುಬ್ಬಿ ಕಡೆ ಕೆಲಸ ಇರುವವರು ಹುಡುಕುತ್ತಾರೆ. ನಿಮಗೆ ಅದು ಎರಡೂ ಕಡೆಗೆ ಸುತ್ತು.

ದಿನಾ ಹೋಗುವವರ ದಾರಿ ಮುಖ್ಯ, ವಾರಕ್ಕೆ ಎರಡು ದಿನದ್ದಲ್ಲ. ಆದ್ದರಿಂದ ಶಿರಾ ಗೇಟ್ ಕಡೆಯಿಂದ ಶುರು ಮಾಡಿ ರಿಂಗ್ ರಸ್ತೆಯ ಅಕ್ಕಪಕ್ಕದ ಬಡಾವಣೆಗಳನ್ನು ನೋಡಿ. ಮನೆ ನೋಡೋಕೆ ಭಾನುವಾರ ಮಧ್ಯಾಹ್ನ ಹೋದರೆ ರಸ್ತೆ ಖಾಲಿ ಇರುತ್ತೆ, ದೂರ ಗೊತ್ತಾಗಲ್ಲ. ವಾರದ ದಿನ ಬೆಳಗ್ಗೆ ಎಂಟೂವರೆಗೆ ಶಾಲೆ ಬಸ್ಸುಗಳ ಜತೆಗೇ ಆ ದಾರಿ ಓಡಾಡಿ ನೋಡಿ.

ಮೆಟ್ರೊ ಬರುತ್ತೆ ಅನ್ನೋ ಮಾತಿಗೆ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ. ಬೆಂಗಳೂರು ಮೆಟ್ರೊದ ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ತುಮಕೂರು ರಸ್ತೆಯ ಮಾದಾವರದವರೆಗೆ ಬಂದಿದೆ. ಬಸ್ಸಿನಲ್ಲಿ ಹೋಗುವವರು ಅಲ್ಲಿ ಇಳಿದು ಮೆಟ್ರೊ ಹತ್ತಬಹುದು, ಅಷ್ಟೇ ಈಗಿನ ಲಾಭ. ಅಲ್ಲಿಂದ ಮುಂದಿನದ್ದಕ್ಕೆ ಈ ವರ್ಷದ ಬಾಡಿಗೆ ಯಾಕೆ ಏರಬೇಕು?

ಕಲ್ಪತರು

14,000 ಅಂತ ನೀವು ಹೇಳಿದ್ದು ಬಾಡಿಗೆಗೋ, ಮನೆಯ ಒಟ್ಟು ಖರ್ಚಿಗೋ? ಅಪಾರ್ಟ್‌ಮೆಂಟಲ್ಲಿ ಈ ಎರಡೂ ಬೇರೆ. ಉದಾಹರಣೆಗೆ ಬಾಡಿಗೆ 14,000, ಮೆಂಟೆನೆನ್ಸ್ 1,500, ಬೇಸಿಗೆಯಲ್ಲಿ ಟ್ಯಾಂಕರಿನ ಪಾಲು 500, ಕುಡಿಯುವ ನೀರಿಗೆ ದಿನಕ್ಕೊಂದು ಕ್ಯಾನ್ ಐದು ರೂಪಾಯಿಯ ಲೆಕ್ಕದಲ್ಲಿ 150. ಕರೆಂಟು ಬಿಟ್ಟೇ 16,150 ಆಯ್ತು. ಹಾಗಾಗಿ ಬೋರ್ಡಿನಲ್ಲಿ ಹೇಳುವ ಬಾಡಿಗೆ 12,000 ಸುಮಾರಿನದ್ದನ್ನೇ ಹುಡುಕಿ.

ಮನೆಗೆ ಕಾಲಿಡುವ ದಿನದ ಲೆಕ್ಕ ಇನ್ನೂ ಬಿಗಿ. ಅಡ್ವಾನ್ಸ್ ಒಂದು ಲಕ್ಷ ಕೇಳಿದರು ಅಂತಿಟ್ಟುಕೊಳ್ಳಿ. ಮೊದಲ ತಿಂಗಳ ಬಾಡಿಗೆ 14,000, ಬ್ರೋಕರ್ ಕಮಿಷನ್ ಒಂದು ತಿಂಗಳದ್ದು 14,000, ಲಾರಿ ಮತ್ತು ಹಮಾಲಿ 8,000, ಸೊಳ್ಳೆ ಪರದೆ, ಗೀಸರ್ ಜೋಡಣೆ, ಪ್ಲಂಬರ್ ಅಂತ 6,000. ಅಲ್ಲಿಗೆ 1,42,000. ಅದೇ ತಿಂಗಳು ಶಾಲೆ ಫೀಸೂ ಕಟ್ಟಬೇಕು. ಮಾಲೀಕರ ಹತ್ತಿರ ಬಾಡಿಗೆ ಇಳಿಸಿ ಅಂತ ಹಟ ಹಿಡಿಯೋದಕ್ಕಿಂತ ಅಡ್ವಾನ್ಸ್ ಎರಡು ಕಂತು ಮಾಡಿಸಿಕೊಳ್ಳಿ. ಅರ್ಧ ಕೀ ಕೊಡುವಾಗ, ಅರ್ಧ ಮೂರನೇ ತಿಂಗಳಿಗೆ. ಬಾಡಿಗೆ ಇಳಿಸಲು ಒಪ್ಪದ ಎಷ್ಟೋ ಜನ ಇದಕ್ಕೆ ಒಪ್ತಾರೆ, ಯಾಕಂದ್ರೆ ಅವರ ಕೈಯಿಂದ ಏನೂ ಹೋಗಲ್ಲ.

ವರ್ಷಕ್ಕೆ ಎಷ್ಟು ಏರಿಸ್ತಾರೆ ಅಂತಲೂ ಈಗಲೇ ಕೇಳಿ. 14,000 ಮೂರು ಸಲ ಶೇ. 5ರಂತೆ ಏರಿದರೆ 16,200, ಶೇ. 10ರಂತೆ ಏರಿದರೆ 18,600 ದಾಟುತ್ತೆ. ಮಕ್ಕಳ ಶಾಲೆ ಬದಲಿಸಬಾರದು ಅಂತ ಬರುವ ಕುಟುಂಬಕ್ಕೆ ಮೊದಲ ವರ್ಷದ ಬಾಡಿಗೆಗಿಂತ ನಾಲ್ಕನೇ ವರ್ಷದ್ದು ದೊಡ್ಡ ಪ್ರಶ್ನೆ.

ಅಮಾನಿಕೆರೆ

ದೂರ ಹೋದರೆ ಅಗ್ಗ ಅನ್ನೋದನ್ನೂ ಲೆಕ್ಕ ಹಾಕಿ. ಏಳು ಕಿಲೋಮೀಟರ್ ಹೆಚ್ಚು ದೂರ ಅಂದರೆ ಹೋಗಿಬರೋಕೆ 14, ತಿಂಗಳಿಗೆ 25 ದಿನಕ್ಕೆ 350 ಕಿಲೋಮೀಟರ್. ಬೈಕು ಲೀಟರಿಗೆ 45 ಕೊಟ್ಟರೂ ಎಂಟು ಲೀಟರ್ ಹತ್ತಿರ, ಸುಮಾರು 800 ರೂಪಾಯಿ. ಎರಡು ಗಾಡಿ ಓಡಿದರೆ 1,600. ಅದರ ಮೇಲೆ ಶಾಲೆ ವ್ಯಾನು ಆ ಬಡಾವಣೆಗೆ ಬರದಿದ್ದರೆ ಆಟೋ. ಬಾಡಿಗೆಯಲ್ಲಿ ಎರಡು ಸಾವಿರ ಉಳಿಸಲು ಹೋಗಿ ಅದಕ್ಕಿಂತ ಹೆಚ್ಚು ಕಳೆದುಕೊಳ್ಳೋದು ಹೀಗೆ.

ಸಂಪುನೋಡಿ

ತುಮಕೂರಲ್ಲಿ ಮನೆ ನೋಡೋದು ಅಂದರೆ ನೀರು ನೋಡೋದು. ನಗರಕ್ಕೆ ನಲ್ಲಿ ನೀರು ಬರೋದು ಹೇಮಾವತಿ ನಾಲೆಯಿಂದ ಬುಗುಡನಹಳ್ಳಿ ಕೆರೆಗೆ ತುಂಬಿ, ಅಲ್ಲಿಂದ. ಅದು ದಿನಾ ಬರಲ್ಲ. ಪಾಲಿಕೆಯ ಗಡಿ ದಾಟಿದ ಹೊಸ ಬಡಾವಣೆಗಳಲ್ಲಿ ಬಹುಪಾಲು ಬೋರ್‌ವೆಲ್ಲೇ ಗತಿ. "ನೀರಿಗೆ ತೊಂದರೆ ಇಲ್ಲ" ಅನ್ನೋ ಮಾತು ಎಲ್ಲ ಮನೆಯಲ್ಲೂ ಕೇಳಿಸುತ್ತೆ, ಅದನ್ನು ನಂಬದೆ ಹೀಗೆ ಪರೀಕ್ಷೆ ಮಾಡಿ.

ಸಂಪಿನ ಮುಚ್ಚಳ ತೆಗೆಸಿ, ಟೇಪು ಹಿಡಿದು ಅಳೆಯಿರಿ. ಉದ್ದ, ಅಗಲ, ಆಳ ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್. 8 ಅಡಿ, 6 ಅಡಿ, 6 ಅಡಿ ಆಳ ಇದ್ದರೆ 288 ಘನ ಅಡಿ, ಸುಮಾರು 8,150 ಲೀಟರ್. ತಳದ ಅರ್ಧ ಅಡಿಯ ನೀರನ್ನು ಮೋಟಾರು ಎಳೆಯಲ್ಲ, ಹಾಗಾಗಿ ಉಪಯೋಗಕ್ಕೆ 7,500 ಅಂದುಕೊಳ್ಳಿ. ನಗರದ ಮನೆಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋದು ಸರ್ಕಾರಿ ಯೋಜನೆಗಳ ಲೆಕ್ಕ. ನಿಮ್ಮ ಐದು ಜನಕ್ಕೇ 675 ಲೀಟರ್. ಆರು ಮನೆ, 27 ಜನ ಇರುವ ಕಟ್ಟಡಕ್ಕೆ ದಿನಕ್ಕೆ 3,645. ಅಂದರೆ ಆ ಸಂಪು ಎರಡು ದಿನಕ್ಕೆ ಸರಿಹೋಗುತ್ತೆ. ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುವ ಬೀದಿಯಾದರೆ ಉಳಿದೆರಡು ದಿನ ಬೋರ್ ನೀರು, ಬೋರ್ ಬತ್ತಿದರೆ ಟ್ಯಾಂಕರ್. ಈ ಲೆಕ್ಕ ಮಾಲೀಕರ ಮುಂದೆಯೇ ಹಾಕಿದರೆ ಟ್ಯಾಂಕರಿನ ದುಡ್ಡು ಯಾರದು ಅನ್ನೋ ಮಾತು ತಾನಾಗೇ ಹೊರಗೆ ಬರುತ್ತೆ.

ಬೋರ್ ನೀರು ಎಷ್ಟು ಗಡಸು ಅಂತ ತಿಳಿಯಲು ಷವರಿನ ತೂತು ನೋಡಿ. ಬಿಳಿ ಕಟ್ಟಿ ಅರ್ಧ ಮುಚ್ಚಿದ್ದರೆ ಗೀಸರಿನ ಕಾಯಿಲ್ಲು, ವಾಷಿಂಗ್ ಮಷೀನು ಬೇಗ ಕೆಡುತ್ತವೆ, ಬೇಳೆ ಬೇಯೋಕೆ ಹೊತ್ತಾಗುತ್ತೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರು ಆನ್‌ಲೈನಲ್ಲಿ ಕಡಿಮೆ ಬೆಲೆಗೆ ಸಿಗುತ್ತೆ. ಕುಡಿಯುವ ನೀರಿಗೆ ಅದು ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು ಅನ್ನುತ್ತೆ ಭಾರತೀಯ ಮಾನಕ. ಆದರೆ ಆ ಮೀಟರು ಫ್ಲೋರೈಡ್ ತೋರಿಸಲ್ಲ. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಇರುವ ಕಡೆ ಸಾಕಷ್ಟು, ಅದರ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಮಕ್ಕಳಿರುವ ಮನೆಯಲ್ಲಿ ಬೋರ್ ನೀರನ್ನು ನೇರ ಕುಡಿಯಬೇಡಿ, ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸುವವರೆಗೆ ಶುದ್ಧ ನೀರಿನ ಘಟಕದಿಂದ ತನ್ನಿ. ಘಟಕ ಮನೆಯಿಂದ ಎಷ್ಟು ದೂರ ಅಂತಲೂ ನೋಡಿಕೊಳ್ಳಿ, 20 ಲೀಟರಿನ ಕ್ಯಾನು ದಿನಾ ಹೊರಬೇಕು.

ಇನ್ನೊಂದು: ಒಳಚರಂಡಿ ಸಂಪರ್ಕ ಇದೆಯಾ, ಪಿಟ್ಟಾ? ಪಿಟ್ ಆದರೆ ಎಷ್ಟು ತಿಂಗಳಿಗೊಮ್ಮೆ ಸಕ್ಕಿಂಗ್ ಗಾಡಿ ಕರೆಸ್ತಾರೆ, ದುಡ್ಡು ಯಾರು ಕೊಡ್ತಾರೆ ಅಂತ ಕೇಳಿ. ಬೋರ್‌ವೆಲ್ಲೂ ಪಿಟ್ಟೂ ಅಕ್ಕಪಕ್ಕ ಇರುವ ಮನೆ ಬೇಡವೇ ಬೇಡ.

ಮರಳೂರುಮನೆ

ಮಾಲೀಕರ ಕಡೆಯ ಮಾತೂ ಇರಲಿ. ದೊಡ್ಡ ಕುಟುಂಬ ಅಂದ ಕೂಡಲೇ ಹಿಂಜರಿಯುವುದಕ್ಕೆ ಕಾರಣ ನೀರು ಮತ್ತು ಪಿಟ್ಟು, ಮಕ್ಕಳ ಗಲಾಟೆ ಅಲ್ಲ. ಅದಕ್ಕೇ ಎರಡು ಜನಕ್ಕೆ ಒಂದು ಬಾಡಿಗೆ, ಐದು ಜನಕ್ಕೆ ಇನ್ನೊಂದು ಹೇಳುವವರಿದ್ದಾರೆ. ಮುಂಚೆಯೇ ಐದು ಜನ ಅಂತ ಹೇಳಿ, ಅಗ್ರಿಮೆಂಟಿನಲ್ಲೂ ಐದು ಜನರ ಹೆಸರು ಬರೆಸಿ. ಮೂರು ಜನ ಅಂತ ಹೇಳಿ ಆಮೇಲೆ ಅಜ್ಜಿಯನ್ನು ಕರೆತಂದರೆ ನಂಬಿಕೆ ಮೊದಲ ವಾರದಲ್ಲೇ ಹೋಗುತ್ತೆ.

ಊಟದ ವಿಷಯ, ಜಾತಿ ವಿಷಯ ಕೇಳುವ ಮಾಲೀಕರು ನಮ್ಮೂರಲ್ಲಿ ಇದ್ದಾರೆ. ಅದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಬಾಡಿಗೆ ಸರಿಯಾಗಿ ಬರೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೂ ಬಾಡಿಗೆದಾರರಿಗೆ ನನ್ನ ಸಲಹೆ: ಮನೆಯಲ್ಲಿ ಮಾಂಸಾಹಾರ ಮಾಡ್ತೀರಾದರೆ ಫೋನಿನಲ್ಲೇ ಕೇಳಿಬಿಡಿ. ಆಗಲ್ಲ ಅನ್ನುವ ಮನೆಯಲ್ಲಿ ಮುಚ್ಚಿಟ್ಟುಕೊಂಡು ಬದುಕೋದು ಐದು ಜನಕ್ಕೂ ಹಿಂಸೆ.

ಹೊಸಬಡಾವಣೆ

ತುಂಬ ಉಪಕಾರ. ಆನ್‌ಲೈನಲ್ಲಿ 1,350 ಚದರಡಿ ಅಂತ ಹಾಕಿದ್ದ ಮೂರು ಬೆಡ್‌ರೂಂ ಫೋಟೋದಲ್ಲಿ ಚಿಕ್ಕದಾಗಿ ಕಾಣುತ್ತೆ. ಆ ಅಳತೆ ನಂಬಬಹುದಾ? ಲೀಸಿನ ಬಗ್ಗೆ ಯಾರೂ ಹೇಳಲಿಲ್ಲ.

ಗುಬ್ಬಿಗೇಟ್

ಆ ಅಳತೆಯಲ್ಲಿ ಗೋಡೆ, ಮೆಟ್ಟಿಲು, ಲಿಫ್ಟು, ಕಾರಿಡಾರಿನ ಪಾಲು ಎಲ್ಲ ಸೇರಿರುತ್ತೆ. ಶೇ. 28 ಅದಕ್ಕೇ ಹೋಯ್ತು ಅಂದುಕೊಂಡರೆ ಒಳಗೆ ಕಾಲಿಡಲು ಸಿಗೋದು 970 ಚದರಡಿ. ಮೂರು ರೂಮು ಅದರಲ್ಲಿ ಹಿಡಿಸಿದ್ದರೆ ಮೂರನೆಯದು ದೊಡ್ಡ ಸ್ಟೋರ್ ರೂಮು. ಚದರಡಿ ಮರೆತು ಪ್ರತಿ ರೂಮನ್ನೂ ಗೋಡೆಯಿಂದ ಗೋಡೆಗೆ ಅಳೆಯಿರಿ. ಕ್ವೀನ್ ಮಂಚ ಐದು ಅಡಿಗೆ ಆರೂವರೆ. ಹತ್ತಡಿ ರೂಮಿನಲ್ಲಿ ಕಾಲ ಬಳಿ ಮೂರೂವರೆ ಅಡಿ ಉಳಿಯುತ್ತೆ, ಅಲ್ಲಿ ಎರಡಡಿ ಆಳದ ವಾರ್ಡ್‌ರೋಬ್ ಇದ್ದರೆ ಒಂದೂವರೆ ಅಡಿ. ಬಾಗಿಲು ತೆರೆದು ನಿಲ್ಲೋಕೂ ಆಗಲ್ಲ. ನಿಮ್ಮಲ್ಲಿರುವ ಮಂಚ, ಬೀರು, ಫ್ರಿಜ್ಜಿನ ಅಳತೆ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಅಪಾರ್ಟ್‌ಮೆಂಟೇ ಬೇಕು ಅಂತ ಹಟ ಬೇಡ. ತುಮಕೂರಲ್ಲಿ ಬಾಡಿಗೆಗೆ ಸಿಗೋದರಲ್ಲಿ ಮಾಲೀಕರೇ ಕಟ್ಟಿಸಿದ ಎರಡು ಮೂರು ಅಂತಸ್ತಿನ ಮನೆಗಳೇ ಹೆಚ್ಚು. ಅಜ್ಜಿಗೆ ನೆಲಮಹಡಿ ಸಿಕ್ಕರೆ ಲಿಫ್ಟಿನ ಮೆಂಟೆನೆನ್ಸೂ ಉಳಿಯಿತು. ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಾದರೆ ಕರೆಂಟು ಹೋದಾಗ ಲಿಫ್ಟಿಗೆ ಜನರೇಟರ್ ಇದೆಯಾ, ಅದು ಓಡುತ್ತಾ ಅಂತ ನೋಡಿ. ಬಾತ್‌ರೂಮಿನ ಹೊಸ್ತಿಲ ಎತ್ತರ, ವೆಸ್ಟರ್ನ್ ಕಮೋಡ್ ಯಾವ ರೂಮಿಗೆ ಹತ್ತಿರ ಅನ್ನೋದನ್ನೂ.

ಬಾತ್‌ರೂಮಿನ ಗೋಡೆಯ ಆಚೆ ಬದಿಯನ್ನು ಮರೆಯದೆ ಮುಟ್ಟಿ ನೋಡಿ, ಬೀರು ಇಟ್ಟಿದ್ದರೆ ಅದರ ಹಿಂದೆ ಟಾರ್ಚ್ ಹಾಕಿ. ಬಣ್ಣ ಉಬ್ಬಿ ಬಿಳಿ ಉಪ್ಪು ಕಂಡರೆ ಒಳಗೆ ಪೈಪು ಸೋರುತ್ತಿದೆ. ಹೊಸ ಬಣ್ಣ ಒಂದೇ ಗೋಡೆಗೆ ಹೊಡೆದಿದ್ದರೆ ಅಲ್ಲೇ ಅನುಮಾನ. ಮೇಲಿನ ಮಹಡಿಯಾದರೆ ಸೆಪ್ಟೆಂಬರ್ ಅಕ್ಟೋಬರ್ ಮಳೆಗೆ ಸೂರು ಸೋರಿದ ಕಲೆ ಮೂಲೆಗಳಲ್ಲಿ ಕಾಣುತ್ತೆ.

ಕಾಗದಪತ್ರ

ಲೀಸು, ಅಂದರೆ ಭೋಗ್ಯ. ಒಟ್ಟಿಗೆ ದೊಡ್ಡ ಮೊತ್ತ ಕೊಡೋದು, ತಿಂಗಳ ಬಾಡಿಗೆ ಇಲ್ಲ, ಅವಧಿ ಮುಗಿದಾಗ ಪೂರ್ತಿ ಮೊತ್ತ ವಾಪಸ್. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಜೀವಮಾನದ ಉಳಿತಾಯ ಹೋಗುವ ಜಾಗ ಇದು.

ಮಾಲೀಕರು ಎಂಟು ಲಕ್ಷ ಕೇಳಿದರು ಅಂತಿಟ್ಟುಕೊಳ್ಳಿ. ಅದೇ ಮನೆ ಬಾಡಿಗೆಗಾದರೆ ಒಂದು ಲಕ್ಷ ಅಡ್ವಾನ್ಸ್, 14,000 ಬಾಡಿಗೆ. ಅಂದರೆ ಮಾಲೀಕರು ಏಳು ಲಕ್ಷ ಹೆಚ್ಚುವರಿ ಪಡೆದು ವರ್ಷಕ್ಕೆ 1,68,000 ಬಾಡಿಗೆ ಬಿಡುತ್ತಿದ್ದಾರೆ. ವರ್ಷಕ್ಕೆ ಶೇ. 24 ಬಡ್ಡಿ ಕೊಟ್ಟಂತೆ ಆಯಿತು. ಬ್ಯಾಂಕಿನಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಬಡ್ಡಿಗೆ ಮನೆ ಅಡಮಾನ ಸಾಲ ಸಿಗುವಾಗ ಯಾಕೆ ಹೀಗೆ ಮಾಡ್ತಾರೆ? ಹಲವು ಸಲ ಬ್ಯಾಂಕು ಇನ್ನು ಕೊಡಲ್ಲ ಅಂದಿರುತ್ತೆ, ಅಥವಾ ಆಗಲೇ ಕೊಟ್ಟು ಕಂತು ಬಾಕಿ ಇರುತ್ತೆ. ಎಲ್ಲ ಮಾಲೀಕರೂ ಹಾಗಲ್ಲ. ಆದರೆ ಹಾಗಿಲ್ಲ ಅಂತ ಕಾಗದದಲ್ಲಿ ಕಂಡ ಮೇಲೆ ದುಡ್ಡು ಕೊಡಿ.

ನಿಮ್ಮ ಕೈಯಲ್ಲಿರೋದು ಒಂದೂವರೆ ಲಕ್ಷ. ಉಳಿದ ಆರೂವರೆ ಲಕ್ಷಕ್ಕೆ ಶೇ. 14ರ ಪರ್ಸನಲ್ ಲೋನ್ ತೆಗೆದರೆ ಮೊದಲ ತಿಂಗಳುಗಳಲ್ಲಿ ಬಡ್ಡಿಯೇ ತಿಂಗಳಿಗೆ 7,500 ಆಸುಪಾಸು, ಅಸಲಿನ ಕಂತು ಬೇರೆ. ಬಾಡಿಗೆ ಉಳಿಯುವ ಬದಲು ಬಾಡಿಗೆಗಿಂತ ದೊಡ್ಡ ಇ.ಎಂ.ಐ. ಬರಬಹುದು. ನಿಮ್ಮ ಸ್ಥಿತಿಗೆ ಭೋಗ್ಯ ಹೊಂದುವುದಿಲ್ಲ.

ಬೇರೆಯವರಿಗೆ ಉಪಯೋಗವಾಗಲಿ ಅಂತ ಉಳಿದದ್ದು. ಒಂದು, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆಸ್ತಿಯ ಋಣಭಾರ ಪ್ರಮಾಣಪತ್ರ ತೆಗೆಸಿ. ವಹಿವಾಟು ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16 ಬರುತ್ತೆ. ಬ್ಯಾಂಕಿಗೆ ಪತ್ರ ಇಟ್ಟು ಪಡೆದ ಸಾಲ ನೋಂದಣಿ ಆಗಿರದಿದ್ದರೆ ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ಎರಡನೆಯದು ಮುಖ್ಯ: ಮೂಲ ಕ್ರಯಪತ್ರ ತೋರಿಸಿ ಅನ್ನಿ. ಜೆರಾಕ್ಸ್ ಮಾತ್ರ ಇದೆ, ಮೂಲ ಊರಲ್ಲಿದೆ, ಅಣ್ಣನ ಹತ್ತಿರ ಇದೆ ಅಂದರೆ ಅದು ಬ್ಯಾಂಕಿನ ಲಾಕರಿನಲ್ಲಿದೆ ಅಂತಲೇ ತಿಳಿಯಿರಿ. ಮೂರು, ಆಸ್ತಿಯ ಖಾತೆಯಲ್ಲಿ ಎಷ್ಟು ಹೆಸರಿದೆಯೋ ಅಷ್ಟೂ ಜನ ಸಹಿ ಹಾಕಬೇಕು, ದುಡ್ಡು ಅವರ ಬ್ಯಾಂಕ್ ಖಾತೆಗೇ ಹೋಗಬೇಕು. ನಾಲ್ಕು, ನೋಂದಣಿ. ಒಂದು ವರ್ಷ ಮೀರಿದ ಗುತ್ತಿಗೆಯನ್ನೂ, ಸ್ವಾಧೀನ ಕೊಟ್ಟು ಮಾಡುವ ಭೋಗ್ಯ ಅಡಮಾನವನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ನೋಟರಿ ಸೀಲು ಅದಕ್ಕೆ ಬದಲಿ ಅಲ್ಲ. ಕಂತು ಕಟ್ಟದ ಮಾಲೀಕರಿಗೆ ಬ್ಯಾಂಕು ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್ ಕೊಟ್ಟು, ಆಮೇಲೆ ಮನೆಯನ್ನು ವಶಕ್ಕೆ ತೆಗೆದುಕೊಳ್ಳುತ್ತೆ. ಆಗ ನೋಂದಣಿಯಿಲ್ಲದ ಭೋಗ್ಯದವರ ಕೈಯಲ್ಲಿ ಹಿಡಿದು ವಾದಿಸಲು ಏನೂ ಇರುವುದಿಲ್ಲ.

ಮಾಲೀಕರಿಗೆ ತಿಂಗಳ ಬಾಡಿಗೆ ಕೊಡುತ್ತೇವೆ ಅಂತ ಮನೆ ಪಡೆದು, ಅದನ್ನೇ ನಿಮಗೆ ಲೀಸಿಗೆ ಕೊಡುವ ಮಧ್ಯವರ್ತಿಗಳಿದ್ದಾರೆ. ಅವರು ಬಾಡಿಗೆ ನಿಲ್ಲಿಸಿದ ತಿಂಗಳು ಮಾಲೀಕರು ನಿಮ್ಮ ಬಾಗಿಲಿಗೆ ಬರ್ತಾರೆ. ಮಾಲೀಕರ ಮುಖ ನೋಡದೆ ಲೀಸು ಬೇಡ.

ಕಲ್ಪತರು

ಕಾಗದಪತ್ರದವರು ಹೇಳಿದ್ದು ನೂರಕ್ಕೆ ನೂರು ಸರಿ. ಆನ್‌ಲೈನ್ ಜಾಹೀರಾತಿನ ಬಗ್ಗೆಯೂ ಒಂದು ಮಾತು: ಮಿಲಿಟರಿಯಲ್ಲಿದ್ದೇನೆ, ವರ್ಗ ಆಗಿದೆ, ಮನೆ ನೋಡುವ ಮುಂಚೆ ಟೋಕನ್ ಕಳಿಸಿ, ಕ್ಯೂಆರ್ ಸ್ಕ್ಯಾನ್ ಮಾಡಿ ಅಂದರೆ ಫೋನ್ ಇಟ್ಟುಬಿಡಿ. ದುಡ್ಡು ಪಡೆಯೋಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ದುಡ್ಡು ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬ್ರೋಕರ್ ಇಲ್ಲದೆ ಹುಡುಕೋಕೆ ಬಡಾವಣೆಯೊಳಗೆ ನಡೆಯಬೇಕು. ಟು ಲೆಟ್ ಬೋರ್ಡು ಹಾಕುವ ಮುಂಚೆಯೇ ಖಾಲಿಯಾಗುವ ಮನೆ ಗೊತ್ತಿರೋದು ನಂದಿನಿ ಬೂತಿನವರಿಗೆ, ಇಸ್ತ್ರಿ ಅಂಗಡಿಯವರಿಗೆ, ದಿನಸಿ ಅಂಗಡಿಯವರಿಗೆ. ನಂಬರ್ ಬರೆದುಕೊಟ್ಟು ಬನ್ನಿ.

ಅಮಾನಿಕೆರೆ

ಕಾಲವೂ ನೋಡಿ. ಏಪ್ರಿಲ್ ಮೇ ತಿಂಗಳಲ್ಲಿ ಶಾಲೆಗಾಗಿ ಎಲ್ಲರೂ ಹುಡುಕುತ್ತಾರೆ, ಚೌಕಾಸಿ ನಡೆಯಲ್ಲ. ಆಷಾಢ ಬಂತೆಂದರೆ ಹೊಸ ಮನೆಗೆ ಕಾಲಿಡುವವರು ಕಡಿಮೆ, ಖಾಲಿ ಮನೆ ಶ್ರಾವಣದವರೆಗೆ ಹಾಗೇ ಉಳಿಯುತ್ತೆ. ಆಷಾಢ ನೋಡದ ಕುಟುಂಬಕ್ಕೆ ಅದೇ ಒಳ್ಳೆ ಸಮಯ. ನೋಡುವವರು ಆಷಾಢಕ್ಕೆ ಮುಂಚೆ ಕೀ ತೆಗೆದುಕೊಂಡು ಹಾಲುಕ್ಕಿಸಿ, ಸಾಮಾನು ನಿಧಾನಕ್ಕೆ ಸಾಗಿಸಿದರೂ ಆಗುತ್ತೆ. ಕೀ ಪಡೆದ ದಿನದಿಂದಲ್ಲ, ವಾಸಕ್ಕೆ ಬಂದ ದಿನದಿಂದ ಬಾಡಿಗೆ ಅಂತ ಮಾತಾಡಿಕೊಳ್ಳಿ.

ಹೊಸಬಡಾವಣೆ

ಲೀಸು ಕೈಬಿಟ್ಟೆವು. ಬಾಡಿಗೆ ಅಗ್ರಿಮೆಂಟಿನಲ್ಲಿ ಏನೇನು ಬರೆಸಬೇಕು? ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ ಅಂತಾರೆ. ಮತ್ತೆ ಉಚಿತ ಕರೆಂಟಿನ ಗೃಹಜ್ಯೋತಿ ಬಾಡಿಗೆದಾರರಿಗೆ ಸಿಗುತ್ತಾ?

ಕಾಗದಪತ್ರ

11 ತಿಂಗಳ ಅಗ್ರಿಮೆಂಟು, ಇ-ಸ್ಟಾಂಪ್ ಕಾಗದದ ಮೇಲೆ, ಇಬ್ಬರು ಸಾಕ್ಷಿ. ಅಡ್ವಾನ್ಸ್ ಮೊತ್ತ ಮತ್ತು ಅದು ಯಾವ ಖಾತೆಗೆ ಹೋಯಿತು, ಏರಿಕೆ ಎಷ್ಟು ಶೇಕಡಾ, ಟ್ಯಾಂಕರ್ ಮತ್ತು ಪಿಟ್ ಖರ್ಚು ಯಾರದು, ಮೋಟಾರು ಸುಟ್ಟರೆ ಯಾರು ಮಾಡಿಸಬೇಕು, ಪಾರ್ಕಿಂಗ್ ಜಾಗ, ಎರಡೂ ಕಡೆಗೆ ಎರಡು ತಿಂಗಳ ನೋಟಿಸ್. ನೋಟಿಸ್ ಬಗ್ಗೆ ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಗೆ ಆಸ್ತಿ ವರ್ಗಾವಣೆ ಕಾಯ್ದೆ ಹೇಳುವುದು ಬರೀ 15 ದಿನ. ಶಾಲೆ ಮಕ್ಕಳಿರುವ ಮನೆಗೆ ಅದು ಸಾಲದು. ರಾಜ್ಯದ ಬಾಡಿಗೆ ಕಾಯ್ದೆ 1999ರದು ಇದೆ, ಆದರೆ ಅದರ ರಕ್ಷಣೆ ತುಂಬ ಕಡಿಮೆ ಬಾಡಿಗೆಯ ಮನೆಗಳಿಗಷ್ಟೇ. 14,000ದ ಮನೆಗೆ ಅಗ್ರಿಮೆಂಟೇ ಆಧಾರ.

ಪೇಂಟಿಂಗ್ ಬಗ್ಗೆ ಅದೇ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ ಸಹಜ ಸವಕಳಿಗೆ ಬಾಡಿಗೆದಾರರು ಹೊಣೆ ಅಲ್ಲ. ಆದರೆ ಅಗ್ರಿಮೆಂಟಿನಲ್ಲಿ ಒಪ್ಪಿ ಸಹಿ ಹಾಕಿದ್ದರೆ ಆ ವಾದ ನಡೆಯುವುದಿಲ್ಲ. ಮೂರು ವರ್ಷ ಮೇಲೆ ಇದ್ದರೆ ಹಿಡಿಯುವಂತಿಲ್ಲ ಅಂತ ಬರೆಸಲು ಕೇಳಿ. ಸಾಮಾನು ಇಳಿಸುವ ಮುಂಚೆ ಪ್ರತಿ ಗೋಡೆ, ನಲ್ಲಿ, ಸ್ವಿಚ್‌ಬೋರ್ಡಿನ ವಿಡಿಯೊ ತೆಗೆದು ಮಾಲೀಕರಿಗೆ ಅದೇ ದಿನ ವಾಟ್ಸಾಪ್ ಮಾಡಿ.

ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆ ಇದ್ದು ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ಬಾಡಿಗೆ ರಸೀದಿ ಇಟ್ಟುಕೊಳ್ಳಿ. ವರ್ಷಕ್ಕೆ ಒಂದು ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ಬೇಕು. ಕೊಡ್ತಾರಾ ಅಂತ ಅಡ್ವಾನ್ಸಿಗೆ ಮುಂಚೆ ಕೇಳಿ, ಆಮೇಲೆ ಕೇಳಿದರೆ ಮನಸ್ತಾಪ.

ಲೈನ್‌ಬಲ್ಬು

ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತೆ, ಆದರೆ ಮನೆಗೆ ಸ್ವಂತ ಆರ್.ಆರ್. ನಂಬರ್, ಅಂದರೆ ಬೆಸ್ಕಾಂ ಸಂಪರ್ಕದ ನಂಬರ್, ಇರಬೇಕು. ಒಂದೇ ಮೀಟರಿಂದ ನಾಲ್ಕು ಮನೆಗೆ ಸಬ್ ಮೀಟರ್ ಹಾಕಿದ್ದರೆ ಬೆಸ್ಕಾಂ ಲೆಕ್ಕದಲ್ಲಿ ಅದು ಒಂದೇ ಮನೆ, ಯೋಜನೆಯ 200 ಯೂನಿಟ್ ಮಿತಿ ಎಂದೋ ದಾಟಿರುತ್ತೆ. ಮಾಲೀಕರು ಯೂನಿಟ್ಟಿಗೆ ಎಂಟು ರೂಪಾಯಿ ಹಿಡಿದರೆ 120 ಯೂನಿಟ್ಟಿಗೆ 960. ಹಾಗಾಗಿ ಮೀಟರ್ ಬೋರ್ಡಿನ ಮುಂದೆ ನಿಂತು ಎಷ್ಟು ಮನೆ, ಎಷ್ಟು ಬೆಸ್ಕಾಂ ಮೀಟರ್ ಅಂತ ಎಣಿಸಿ.

ಉಚಿತ ಎಷ್ಟು ಅನ್ನೋದು ಆ ಮೀಟರಿನ 2022-23ರ ಸರಾಸರಿ ಬಳಕೆಯ ಮೇಲೆ ನಿಂತಿದೆ, ಅದರ ಮೇಲೆ ಸಾಮಾನ್ಯವಾಗಿ ಶೇ. 10. ಆ ವರ್ಷ ಅಲ್ಲಿದ್ದವರು ಇಬ್ಬರೇ ಆಗಿದ್ದರೆ ಮಿತಿ ಕಡಿಮೆ, ಐದು ಜನ ಬಂದಾಗ ಮೇಲಿನ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು. ಹಳೇ ಬಿಲ್ಲು ಒಂದು ಕೇಳಿ ನೋಡಿದರೆ ಅರ್ಹ ಯೂನಿಟ್ ಎಷ್ಟು, ಬಾಕಿ ಇದೆಯಾ ಎರಡೂ ಗೊತ್ತಾಗುತ್ತೆ. ಬಾಕಿ ತೀರಿಸದೆ ಕೀ ತಗೋಬೇಡಿ. ಫ್ಯೂಸ್ ಕಿತ್ತಾಗ ಕತ್ತಲಲ್ಲಿ ಕೂರೋದು ಮನೆಯಲ್ಲಿರೋರು.

ಮಂಜೂರಾದ ಲೋಡ್ ಕೂಡ ಬಿಲ್ಲಿನಲ್ಲೇ ಇರುತ್ತೆ. ಒಂದು ಕಿಲೋವ್ಯಾಟಿನ ಸಂಪರ್ಕಕ್ಕೆ ಎರಡು ಕಿಲೋವ್ಯಾಟಿನ ಗೀಸರ್ ಹಾಕಿ, ಜತೆಗೆ ಇಂಡಕ್ಷನ್ ಒಲೆ ಹಚ್ಚಿದರೆ ಟ್ರಿಪ್ ಆಗ್ತಾನೇ ಇರುತ್ತೆ. ಲೋಡ್ ಹೆಚ್ಚಿಸೋಕೆ ಅರ್ಜಿ ಹಾಕಬೇಕಾದವರು ಮಾಲೀಕರು, ಅದನ್ನು ಮನೆಗೆ ಬರುವ ಮುಂಚೆ ಮಾಡಿಸಿ. ಈಗಿರುವ ಮನೆಯ ಆರ್.ಆರ್. ನಂಬರಿಗೆ ನಿಮ್ಮ ಆಧಾರ್ ಜೋಡಣೆ ಆಗಿದ್ದರೆ ಸೇವಾ ಸಿಂಧು ಜಾಲತಾಣದಲ್ಲಿ ಡಿ-ಲಿಂಕ್ ಮಾಡಿ, ಆಮೇಲೆ ಹೊಸ ಮನೆಯ ಬಿಲ್ಲಿನ ಅಕೌಂಟ್ ಐಡಿ ಹಾಕಿ ಅರ್ಜಿ ಕೊಡಿ. ಹಿಂದಿನ ಬಾಡಿಗೆದಾರರೂ ಆ ಮೀಟರಿಂದ ತಮ್ಮ ಆಧಾರ್ ಬಿಡಿಸಿರಬೇಕು. ಅವರು ಖಾಲಿ ಮಾಡಿ ಹೋಗುವ ಮುಂಚೆಯೇ ಮಾಲೀಕರ ಮೂಲಕ ಹೇಳಿಸಿ ಆ ಕೆಲಸ ಮುಗಿಸಿಕೊಳ್ಳಿ.